ತಾಯಿಯ ಕಡೆ ತಿರುಗಿದವಳು

"ನಿಲ್ಲಿ! ಈಗ ಒಳಗೆ ಬರೋ ಹಾಗಿಲ್ಲ."

ಎನ್‌ಐಸಿಯು ಎಂಬ ಹಸುಗೂಸುಗಳ ತೀವ್ರ ನಿಗಾ ಘಟಕದ ಬಾಗಿಲಿಗೆ ಅಡ್ಡ ನಿಂತ ಗಂಡು ನರ್ಸು ಬಾಗಿಲಷ್ಟೇ ಎತ್ತರವಿದ್ದ. ಮುಖದ ತುಂಬ ಮಾಸ್ಕು, ತಲೆಗೆ ಹಸಿರು ಟೋಪಿ, ನಡುವೆ ಎರಡು ಕಣ್ಣು. ಆ ಕಣ್ಣುಗಳಲ್ಲಿ ಕರುಣೆ ಇದ್ದರೂ ಇದ್ದಿರಬಹುದು. ಎದುರು ನಿಂತವಳಿಗೆ ಮಾತ್ರ ಆ ಹೊತ್ತಿನಲ್ಲಿ ಕಂಡಿದ್ದು ಬರೀ ಬೀಗ!

ಅವಳು ತಳ್ಳಿಕೊಂಡು ಬಂದಿದ್ದ ವೀಲ್‌ಚೇರಿನ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಯಾಕೆ ಬರೋ ಹಾಗಿಲ್ಲ ಬ್ರದರ್?"

"ಡಾಕ್ಟರ್ ರೌಂಡ್ಸ್ ನಡೀತಿದೆ. ತಾಯಂದಿರಿಗೆ ಸಂಜೆ ಟೈಮ್. ಬೋರ್ಡ್ ಓದ್ಲಿಲ್ವಾ?"

"ಓದಿದೆ. ಬೋರ್ಡಿಗೇನು ಗೊತ್ತು? ಬೋರ್ಡು ಯಾವತ್ತಾದ್ರೂ ಮಗು ಹೆತ್ತಿದೆಯಾ?"

ವೀಲ್‌ಚೇರಿನಲ್ಲಿದ್ದ ಬಾಣಂತಿಗೆ ನಗು ತಡೆಯಲಿಲ್ಲ. ನಕ್ಕ ಕೂಡಲೇ ಹೊಟ್ಟೆಯ ಹೊಲಿಗೆ ಎಳೆದು, "ಅಯ್ಯೋ, ನಗಿಸಬೇಡಿ ಸಿಸ್ಟರ್..." ಎಂದು ಹೊಟ್ಟೆ ಹಿಡಿದುಕೊಂಡಳು. ಶಾಲೆಯಲ್ಲಿ ಗಣಿತ ಹೇಳಿಕೊಡುವ ಟೀಚರ್ ಆಕೆ. ಹಿಂದಿನ ದಿನ ಆಪರೇಷನ್ ಆಗಿ ಗಂಡುಮಗು ಹುಟ್ಟಿತ್ತು. ದಿನ ತುಂಬುವ ಮೊದಲೇ ಬಂದ ಕೂಸು. ಅತ್ತ ಸದ್ದು ಕೇಳಿಸಿತೋ ಇಲ್ಲವೋ, ಎತ್ತಿಕೊಂಡು ಈ ಬಾಗಿಲೊಳಗೆ ಓಡಿದ್ದರು.

"ಇವರು ಇನ್ನೂ ಮಗು ಮುಖ ನೋಡಿಲ್ಲ," ಅಂದಳು ಅವಳು. ದನಿ ಈಗ ಮೆತ್ತಗಾಗಿತ್ತು, ಆದರೆ ಹಠ ಮೆತ್ತಗಾಗಿರಲಿಲ್ಲ. "ಬೆಳಗಿನಿಂದ ಗೋಡೆ ನೋಡ್ಕೊಂಡು ಅಳ್ತಿದ್ದಾರೆ. ಒಳಗಿರೋ ಡಾಕ್ಟರೇ ಬೇಡ ಅಂದಿಲ್ಲ. ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಹಾಗಾಯ್ತು ನಿಮ್ಮ ಕಥೆ!"

ಆ ಎರಡು ಕಣ್ಣು ಅವಳನ್ನು ನೋಡಿದವು. ಆಮೇಲೆ ಟೀಚರನ್ನು ನೋಡಿದವು.

"ಕೈ ಮೊಣಕೈವರೆಗೆ ತೊಳೀಬೇಕು. ಬಳೆ, ಉಂಗುರ, ವಾಚು ತೆಗೀಬೇಕು. ಇಬ್ಬರೂ. ಅದರಲ್ಲಿ ಮಾತ್ರ ಜಗಳ ಬೇಡ."

"ಅದರಲ್ಲಿ ಯಾರು ಜಗಳ ಆಡಿದ್ರು?"

ಅವನು ಪಕ್ಕಕ್ಕೆ ಸರಿದ. ಒಳಗೆ ಮಗು ಮಲಗಿದ್ದ ಗಾಜಿನ ಪೆಟ್ಟಿಗೆಯ ಹತ್ತಿರ ವೀಲ್‌ಚೇರ್ ನಿಲ್ಲಿಸಿದಾಗ ಅವನ ಕಣ್ಣು ಟೀಚರ್ ಪಾದಗಳ ಮೇಲೆ ಬಿತ್ತು. ಬರಿಗಾಲು, ತಣ್ಣನೆಯ ಸ್ಟೀಲ್ ಪಟ್ಟಿಯ ಮೇಲೆ. ಏನೂ ಹೇಳದೆ ಹೋಗಿ, ಮಕ್ಕಳಿಗಾಗಿ ಬೆಚ್ಚಗೆ ಇಟ್ಟಿದ್ದ ಒಂದು ಬಟ್ಟೆ ತಂದು ಮಡಿಸಿ, ಬಗ್ಗಿ ಆ ಪಾದಗಳ ಕೆಳಗೆ ಇಟ್ಟ. ಆಮೇಲೆ ಮಗುವಿನ ಟೋಪಿ ಸರಿಮಾಡಿ ಅದರ ಮುಖವನ್ನು ತಾಯಿಯ ಕಡೆ ತಿರುಗಿಸಿದ.

'ಛೆ! ಜಗಳ ಆಡೋಕೆ ಅಂತಲೇ ಬಂದಾಗ ಒಳ್ಳೆ ಕೆಲಸ ಮಾಡೋರನ್ನ ಕಂಡ್ರೆ ಎಷ್ಟು ಕೋಪ ಬರುತ್ತೆ!' ಅಂದುಕೊಂಡಳು ಅವಳು.

ಕಾರಿಡಾರ್ ಗುಡಿಸುವ ಹೆಂಗಸರು ಅವನಿಗೆ ಇಟ್ಟ ಹೆಸರು ಗುಮ್ಮ. ಮುಖ ಕಾಣದು, ಮಾತು ಕೇಳದು. ಅವಳಿಗೆ ಇಟ್ಟ ಹೆಸರು ಹಠಮ್ಮ. ಅದಕ್ಕೆ ಕಾರಣ ಬೇರೆ ಹೇಳಬೇಕೆ?

*

ಹಠಮ್ಮ ಬಾಣಂತಿ ವಾರ್ಡಿನ ನರ್ಸು. ಹೆರಿಗೆಯಾದ ತಾಯಿ, ಹುಟ್ಟಿದ ಮಗು, ಇಬ್ಬರ ಜವಾಬ್ದಾರಿಯೂ ಅವಳದು. ಆ ದಿನದಿಂದ ಅವಳಿಗೊಂದು ಅಭ್ಯಾಸ ಅಂಟಿಕೊಂಡಿತು. ಡ್ಯೂಟಿ ಮುಗಿದ ಮೇಲೆ ಎನ್‌ಐಸಿಯು ಗಾಜಿನ ಗೋಡೆಯ ಮುಂದೆ ನಿಲ್ಲುವುದು, ಒಳಗಿನ ಮಕ್ಕಳನ್ನೆಲ್ಲ ಕಣ್ಣು ತುಂಬ ನೋಡಿಕೊಳ್ಳುವುದು, ವಾಪಸ್ ವಾರ್ಡಿಗೆ ಹೋಗಿ ಇನ್ನೂ ಎದ್ದು ನಡೆಯಲಾಗದ ತಾಯಂದಿರಿಗೆ ಸುದ್ದಿ ಹೇಳುವುದು.

"ನಿಮ್ಮ ಮಗಳು ಮುಷ್ಟಿ ಬಾಯಿಗಿಟ್ಕೊಂಡು ಮಲಗಿದಾಳೆ. ನಿಮ್ಮವನು ಸೀನಿದ. ಸೀನಿ ತಾನೇ ಹೆದರಿಕೊಂಡ!"

ಆ ತಾಯಂದಿರ ಮುಖ ಅರಳುವುದನ್ನು ನೋಡಿ ಆಮೇಲೆ ಅವಳು ಮನೆಗೆ ಹೊರಡುವುದು.

ಗಾಜಿನ ಒಳಗಿದ್ದವನಿಗೆ ಇದರ ಮೊದಲರ್ಧ ಮಾತ್ರ ಕಾಣುತ್ತಿತ್ತು. ದಿನಾ ಸಂಜೆ ಬಂದು, ಹಣೆ ಗಾಜಿಗೆ ತಾಗಿಸಿ, ಒಳಗೆ ನೋಡುತ್ತ ನಿಲ್ಲುವ ಒಬ್ಬ ಹುಡುಗಿ! ಅವನು ಏನೂ ಕೇಳಲಿಲ್ಲ. ಅವಳು ಬರುವ ಹೊತ್ತಿಗೆ ಸರಿಯಾಗಿ ಟೀಚರ್ ಮಗುವಿನ ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸತೊಡಗಿದ. ಮಗು ಹಾಲು ಕುಡಿದಿದ್ದರೆ ಹೆಬ್ಬೆರಳು ಎತ್ತುತ್ತಿದ್ದ. ಒಂದು ಸಂಜೆ ಎರಡೂ ಕೈಯ ಹೆಬ್ಬೆರಳು ಎತ್ತಿದ. ಮೂಗಿನ ನಳಿಕೆ ತೆಗೆದಿದ್ದರು! ಗಾಜಿನ ಆಚೆ ಅವಳು ಮಗುವಿನ ಹಾಗೆ ಕುಣಿದುಬಿಟ್ಟಳು. ಮಾಸ್ಕಿನ ಮೇಲೆ ಅವನ ಕಣ್ಣುಗಳ ಅಂಚಿನಲ್ಲಿ ಗೆರೆಗಳು ಮೂಡಿದವು.

'ಗುಮ್ಮನಿಗೆ ನಗೋಕೂ ಬರುತ್ತಾ?'

"ಸಿಸ್ಟರ್," ಅಂದಳು ಟೀಚರ್ ಒಂದು ದಿನ, "ನನ್ನ ಮಗನ ಸುದ್ದಿ ಹೇಳೋವಾಗ ನಿಮ್ಮ ಕೆನ್ನೆ ಯಾಕೆ ಕೆಂಪಾಗುತ್ತೆ?"

"ಬಿಸಿಲು."

"ಕಾರಿಡಾರಲ್ಲಿ ಬಿಸಿಲಾ? ಲೆಕ್ಕ ತಾಳೆ ಆಗ್ತಿಲ್ವಲ್ಲ..."

*

ಆ ವಾರವೇ ದೊಡ್ಡ ಸಿಸ್ಟರ್, ಡ್ಯೂಟಿಯಲ್ಲಿದ್ದ ಗುಮ್ಮನನ್ನು ಬಿಟ್ಟು ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು. ಇಡೀ ಆಸ್ಪತ್ರೆಯ ನರ್ಸುಗಳ ಮೇಲಿನವರು ಅವರು. ಇಸ್ತ್ರಿ ಮಾಡಿದ ಸೀರೆಯಂತೆ ಅವರ ಮಾತಿನಲ್ಲೂ ಒಂದು ಸುಕ್ಕು ಇರುತ್ತಿರಲಿಲ್ಲ.

"ಈ ವರ್ಷ ವಿಶೇಷ ತರಬೇತಿಯ ಸರ್ಟಿಫಿಕೇಟ್ ಪರೀಕ್ಷೆಗೆ ಆಸ್ಪತ್ರೆಯೇ ಕಳಿಸುತ್ತೆ. ಯಾರ್ಯಾರಿಗೆ ಯಾವ ವಿಭಾಗ, ಯೋಚನೆ ಮಾಡಿ ಹೇಳಿ. ನಿಯಮ ಗೊತ್ತಲ್ಲ? ಯಾವ ವಿಭಾಗದ ಪರೀಕ್ಷೆಯೋ ಆ ವಿಭಾಗದಲ್ಲಿ ನಿಂತು ದುಡಿದ ಗಂಟೆಗಳು ಮಾತ್ರ ಲೆಕ್ಕಕ್ಕೆ."

ಒಬ್ಬಳು ಹೃದಯದ ವಿಭಾಗ ಅಂದಳು. ಇನ್ನೊಬ್ಬಳು ಆಪರೇಷನ್ ಥಿಯೇಟರ್ ಅಂದಳು. ಹಠಮ್ಮನ ಸರದಿ ಬಂತು.

"ತಾಯಿ ಮತ್ತು ನವಜಾತ ಶಿಶು ಆರೈಕೆ."

ಕೋಣೆಯಲ್ಲಿ ಕಿಸಕ್ಕೆಂದು ಯಾರೋ ನಕ್ಕರು. "ಬಾಣಂತನಕ್ಕೂ ಸರ್ಟಿಫಿಕೇಟಾ? ನಮ್ಮಜ್ಜಿ ಹತ್ರ ಇರ್ಲಿಲ್ಲಪ್ಪ!"

"ನಿಮ್ಮಜ್ಜಿ ಹತ್ರ ಮೊಬೈಲೂ ಇರ್ಲಿಲ್ಲ. ನೀನು ಇಟ್ಕೊಂಡಿಲ್ವಾ?" ಅಂದಳು ಹಠಮ್ಮ ತಿರುಗಿ.

ದೊಡ್ಡ ಸಿಸ್ಟರ್ ಕನ್ನಡಕ ತೆಗೆದರು. "ನೋಡಮ್ಮ, ನಿನ್ನ ಕೈ ಚೆನ್ನಾಗಿದೆ. ಎನ್‌ಐಸಿಯು ಪರೀಕ್ಷೆ ತಗೋ. ಹೆಸರಿದೆ, ಮೇಲೆ ಹೋಗೋ ದಾರಿ ಇದೆ. ಬಾಣಂತಿ ವಾರ್ಡಿನ ಸರ್ಟಿಫಿಕೇಟ್ ತಗೊಂಡು ಗೋಡೆಗೆ ಹಾಕ್ಕೋತೀಯಾ?"

"ಹಾಕ್ಕೋತೀನಿ. ಗೋಡೆ ನಂದೇ ಅಲ್ವಾ ಸಿಸ್ಟರ್?"

ಹಾಗೆಂದಳೇನೋ ನಿಜ. ಒಳಗೊಂದು ಅಳುಕೂ ಇತ್ತು. ಹಿಂದಿನ ವರ್ಷ ಅವಳನ್ನು ಬೇರೆ ವಾರ್ಡಿಗೆ ಕಳಿಸಿದ್ದರು. ಬಾಣಂತಿ ವಾರ್ಡಿನ ಗಂಟೆಗಳು ಇನ್ನೂ ಸ್ವಲ್ಪ ಬಾಕಿ. ಪರೀಕ್ಷೆಯವರೆಗೆ ಇಲ್ಲೇ ನಿಂತರೆ ತುಂಬುತ್ತವೆ. ನಡುವೆ ಕದಲಿದರೆ ಕಥೆ ಮುಗಿಯಿತು. ಅನ್ನದ ಹಾಗೆ ಗಂಟೆಗಳೂ ಹಳಸುತ್ತವೆ. ಹಳೆಯವು ಲೆಕ್ಕಕ್ಕಿಲ್ಲ, ಮೊದಲಿನಿಂದ ಶುರು ಮಾಡಬೇಕು.

*

ಮನೆಯಲ್ಲಿ ಅಕ್ಕ ಈ ಸುದ್ದಿ ಕೇಳಿದ ಕೂಡಲೇ ಹಿಡಿದಿದ್ದ ಸೌಟು ಕೆಳಗಿಟ್ಟಳು. ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿದವಳು ಅಕ್ಕನೇ. ಅವಳ ಮಾತಿಗೆ ಮನೆಯಲ್ಲಿ ತೂಕ ಜಾಸ್ತಿ.

"ಕೈಗೆ ಬಂದಿದ್ದನ್ನ ಕಾಲಲ್ಲಿ ಒದೀತಾರೇನೇ? ದೊಡ್ಡ ಸಿಸ್ಟರೇ ಎನ್‌ಐಸಿಯು ತಗೋ ಅಂತಿದ್ದಾರೆ!"

"ನನಗೆ ಬೇಡ."

"ಯಾಕೆ ಬೇಡ? ನಾಳೆ ಯಾವ ಊರಿಗೆ ಹೋದ್ರೂ ಕರೆದು ಕೆಲಸ ಕೊಡ್ತಾರೆ. ಬಾಣಂತಿ ನೋಡ್ಕೊಳ್ಳೋಕೆ ಯಾರು ಬೇಕು? ಎಲ್ಲ ಹೆಂಗಸರಿಗೂ ಗೊತ್ತಿರೋದೇ ಅದು."

ಪೇಪರ್ ಹಿಂದಿನಿಂದ ಭಾವನ ದನಿ ಬಂತು. "ಅಲ್ಲಿ ಯಾರೋ ಗುಮ್ಮ ಇದಾನಂತಲ್ಲ, ಅವನಿಗೆ ಹೆದರಿಕೊಂಡಳೇನೋ."

"ಭಾವ! ನಿಮಗೆ ಯಾರು ಹೇಳಿದ್ದು?"

"ನೀನೇ. ದಿನಾ ಊಟದ ಹೊತ್ತಿಗೆ ಅವನ ಕಥೆ ಬಿಟ್ಟು ಬೇರೆ ಏನು ಹೇಳ್ತೀಯಮ್ಮ? ಪಾಪ, ಅವನನ್ನ ಬ್ರದರ್ ಅಂತ ಕರೀತೀಯಂತೆ. ಯಾಕೆ ಅಷ್ಟು ದೊಡ್ಡ ಶಿಕ್ಷೆ?"

ಅವಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೆನ್ನೆ ಮುಟ್ಟಿ ನೋಡಿಕೊಂಡಳು. ಇಲ್ಲೂ ಬಿಸಿಲಿರಲಿಲ್ಲ!

*

ಮುಂದಿನ ತಿಂಗಳುಗಳ ಡ್ಯೂಟಿ ಚಾರ್ಟು ನೋಟಿಸ್ ಬೋರ್ಡಿಗೆ ಬಂದಾಗ ಅವಳು ಮೂರು ಸಲ ಓದಿದಳು.

ಅವಳ ಹೆಸರು ಬಾಣಂತಿ ವಾರ್ಡಿನಲ್ಲಿ ಇರಲಿಲ್ಲ. ಎನ್‌ಐಸಿಯು ಸಾಲಿನಲ್ಲಿತ್ತು! ಪಕ್ಕದಲ್ಲಿ ಸಣ್ಣಕ್ಷರ: ಎನ್‌ಐಸಿಯು ಇನ್‌ಚಾರ್ಜ್ ಕೋರಿಕೆಯ ಮೇರೆಗೆ.

ಇನ್‌ಚಾರ್ಜ್ ಅಂದರೆ ಗುಮ್ಮ.

ಅವಳು ಎನ್‌ಐಸಿಯು ಬಾಗಿಲು ಬಡಿದ ರಭಸಕ್ಕೆ ಅವನು ಮಾಸ್ಕು ಇಳಿಸಿಕೊಂಡೇ ಹೊರಗೆ ಬಂದ. ಮೊದಲ ಬಾರಿಗೆ ಅವಳು ಆ ಮುಖ ನೋಡಿದಳು. ಮಾಸ್ಕಿನ ದಾರ ಕಿವಿಯ ಹಿಂದೆ ಗುರುತು ಮೂಡಿಸಿದ್ದ, ದಣಿದ, ಸೌಮ್ಯ ಮುಖ. ಆ ಮುಖದಲ್ಲಿ ನಗುವಿತ್ತು! ಉಡುಗೊರೆ ಕೊಟ್ಟವನು ಬಿಚ್ಚುವುದನ್ನೇ ಕಾಯುವಾಗ ಇರುತ್ತದಲ್ಲ, ಅಂಥ ನಗು.

"ಚಾರ್ಟ್ ನೋಡಿದ್ರಾ?" ಅಂದ.

"ಯಾರನ್ನ ಕೇಳಿ ನನ್ನ ಹೆಸರು ಕೊಟ್ರಿ?"

ನಗು ಅಲ್ಲೇ ನಿಂತಿತು. "ನೀವು... ದಿನಾ ಬಂದು ಗಾಜಿನ ಹತ್ರ ನಿಲ್ತಿದ್ರಿ. ಒಳಗೆ ಕೆಲಸ ಮಾಡೋ ಆಸೆ ಇದೆ, ಕೇಳೋಕೆ ಸಂಕೋಚ ಅಂದ್ಕೊಂಡೆ. ಈಗಿಂದ ಇಲ್ಲಿ ಗಂಟೆ ತುಂಬಿದ್ರೆ ನೀವು ಎನ್‌ಐಸಿಯು ಪರೀಕ್ಷೆಗೆ..."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ! ನಾನು ನಿಂತಿದ್ದು ತಾಯಂದಿರಿಗೋಸ್ಕರ. ಎದ್ದು ಬರೋಕಾಗದೆ ಮಲಗಿದಾರಲ್ಲ, ಅವರಿಗೆ ಹೋಗಿ ಹೇಳೋಕೆ! ನಾನು ಬರೀಬೇಕಿರೋದು ಬಾಣಂತಿ ವಾರ್ಡಿನ ಪರೀಕ್ಷೆ. ನೀವು ನನ್ನನ್ನ ಇಲ್ಲಿಗೆ ಎಳೆದ್ರೆ ನನ್ನ ಗಂಟೆಗಳೆಲ್ಲ ಮಣ್ಣುಪಾಲು. ಗೊತ್ತಾ ನಿಮಗೆ?"

ಅವನ ಮುಖ ಬಿಳಿಚಿತು. ಅಲ್ಲಿಗೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆದರೆ ಮಾತು ಕಮ್ಮಿ ಆಡುವವರು ಆಡಬಾರದ ಹೊತ್ತಿನಲ್ಲೇ ಬಾಯಿ ಬಿಡುತ್ತಾರೆ.

"ಆದ್ರೆ... ನಿಮ್ಮಂಥ ಕೈ ಅಲ್ಲಿ ವ್ಯರ್ಥ ಅಲ್ವಾ? ಇಲ್ಲಿ ಜೀವ ಉಳಿಸೋ ಕೆಲಸ ಇದೆ..."

ದೊಡ್ಡ ಸಿಸ್ಟರ್ ಅಂದರೆ ಸಹಿಸಬಹುದು. ನಗುವ ಗೆಳತಿಯರು ಅಂದರೆ ತಿರುಗಿ ಅನ್ನಬಹುದು. ಇವನೂ...?

"ನಿಮಗೂ ಅಷ್ಟೇ ಅನ್ನಿಸ್ತಾ?" ಅಂದಳು. ಕೂಗಲಿಲ್ಲ. ಅದೇ ಅವನಿಗೆ ಹೆಚ್ಚು ನೋಯಿತು. "ಮಗು ಹುಟ್ಟಿದ ತಕ್ಷಣ ಲೋಕ ಎಲ್ಲ ಮಗು ಕಡೆ ತಿರುಗುತ್ತೆ ಬ್ರದರ್. ತಾಯಿ ಕಡೆ ಯಾರು ತಿರುಗ್ತಾರೆ? ನಿಮ್ಮ ಕಣ್ಣ ಮುಂದೇನೇ ಟೀಚರ್ ದಿನಾ ಬಂದು ಕೂರ್ತಾರೆ. ಮಗು ಉಸಿರು ಎಷ್ಟು ಅಂತ ಮೆಷಿನ್ ನೋಡದೆ ಹೇಳ್ತೀರ. ಅವರು ಹೇಗಿದಾರೆ ಅಂತ ಒಂದು ಸಲ ಕೇಳಿದೀರಾ?"

ಅಷ್ಟು ಹೇಳಿ ಅವಳು ವಾರ್ಡಿನ ಕಡೆ ತಿರುಗಿ ನಡೆದಳು.

*

"ಒಳ್ಳೇದೇ ಆಯ್ತು ಬಿಡು," ಅಂದಳು ಅಕ್ಕ. "ತಾನಾಗೇ ಎನ್‌ಐಸಿಯು ಬಂತು. ಇನ್ನಾದ್ರೂ ಹಠ ಬಿಡು. ಯಾವ ಬಾಣಂತಿಗೋಸ್ಕರ ನೀನು ಇಷ್ಟು ಒದ್ದಾಡ್ತಿರೋದು?"

"ನಿನಗೋಸ್ಕರ!"

ಬಾಯಿಂದ ಜಾರಿದ ಮಾತು. ಅಕ್ಕ ಮಡಿಸುತ್ತಿದ್ದ ಬಟ್ಟೆ ಹಾಗೇ ಕೈಯಲ್ಲಿ ಉಳಿಯಿತು.

"ಪಾಪು ಹುಟ್ಟಿದಾಗ ನೀನು ಕಿಟಕಿ ಹತ್ರ ಕೂತಿರ್ತಿದ್ದೆ ಅಕ್ಕ. ಹಾಲು ಸೋರಿ ರವಿಕೆ ಎಲ್ಲ ಒದ್ದೆಯಾದ್ರೂ ನಿನಗೆ ಗೊತ್ತಾಗ್ತಿರ್ಲಿಲ್ಲ. ಬಂದವರೆಲ್ಲ ಮಗು ಎತ್ಕೊಂಡು, ಎಷ್ಟು ಚೆಂದ, ಎಷ್ಟು ಚೆಂದ ಅಂದು ಹೋಗ್ತಿದ್ರು. ಎಲ್ಲರಿಗೂ ಹೀಗೇ ಆಗುತ್ತೆ, ಸರಿಹೋಗುತ್ತೆ ಅಂತಿದ್ರು. ನೀನು ಅಳ್ತಾನೂ ಇರ್ಲಿಲ್ಲ ಅಕ್ಕ... ಸುಮ್ಮನೆ ಕೂತಿರ್ತಿದ್ದೆ."

"ನೀನು... ಆಗ ಚಿಕ್ಕವಳು. ನಿನಗೆ ಹೇಗೆ..."

"ಬಾಗಿಲ ಸಂದಿಯಿಂದ ನೋಡ್ತಿದ್ದೆ. ಲಸಿಕೆ ಹಾಕೋಕೆ ಅಂತ ಒಬ್ಬ ನರ್ಸ್ ಬಂದ್ರಲ್ಲ, ನೆನಪಿದೆಯಾ? ಮಗು ಕಡೆ ನೋಡೋ ಮೊದಲು ನಿನ್ನ ಪಕ್ಕ ಕೂತು, ನೀನು ಊಟ ಮಾಡಿದ್ಯಾ ತಾಯಿ, ಅಂತ ಕೇಳಿದ್ರು. ನಿನ್ನ ಗಂಟು ಬಿದ್ದ ಕೂದಲು ಬಿಡಿಸಿ ಬಾಚಿದ್ರು. ಅವತ್ತು ನೀನು ಮೊದಲ ಸಲ ಅತ್ತೆ. ಆಮೇಲೆ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ನೀನು ನಮಗೆ ವಾಪಸ್ ಸಿಕ್ಕಿದ್ದು ಆಮೇಲೆ ಅಕ್ಕ!"

ಭಾವ ಪೇಪರ್ ಮಡಿಸಿಟ್ಟು ನೆಲ ನೋಡುತ್ತಿದ್ದ.

ಅಕ್ಕ ಬಂದು ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. "ನನ್ನ ಒಳ್ಳೇದಕ್ಕೆ ಅಂತ ಎಲ್ಲರೂ ಮಾತಾಡ್ತಿದ್ರು. ನನ್ನನ್ನ ಕೇಳಿದ್ದು ಆಕೆ ಒಬ್ಬಳೇ... ಈಗ ನೋಡು, ನಾನೂ ನಿನಗೆ ಅದನ್ನೇ ಮಾಡಿದೆ." ಸೆರಗಿನಿಂದ ಮೂಗು ಒರೆಸಿಕೊಂಡು ಅಂದಳು, "ಬರಿ. ಯಾರು ಬೇಡ ಅಂದ್ರೂ ಬರಿ!"

*

ಹೊಸ ಚಾರ್ಟು ಜಾರಿಗೆ ಬರುವ ಹಿಂದಿನ ದಿನ ಮಧ್ಯಾಹ್ನ ಬಾಣಂತಿ ವಾರ್ಡಿನ ಫೋನು ಬಡಿದುಕೊಂಡಿತು.

"ಹಠ... ಸಿಸ್ಟರ್, ನಾನು. ಬೇಗ ಬನ್ನಿ."

"ಮಗುಗೆ ಏನಾಯ್ತು?"

"ಮಗು ಚೆನ್ನಾಗಿದೆ. ಟೀಚರ್... ಇವತ್ತು ಅವರನ್ನ ಹೇಗಿದ್ದೀರಾ ಅಂತ ಕೇಳಿದೆ. ಚೆನ್ನಾಗಿದೀನಿ ಅಂದ್ರು. ಮತ್ತೆ ಕೇಳಿದೆ. ನಿನ್ನೆಯಿಂದ ತಲೆನೋವಂತೆ, ನಿದ್ದೆ ಇಲ್ಲ ಅದಕ್ಕೆ ಅಂತಾರೆ. ದೀಪ ಕಣ್ಣಿಗೆ ಚುಚ್ಚುತ್ತಂತೆ. ನನಗೆ ಇದು ಅಷ್ಟು ಗೊತ್ತಾಗಲ್ಲ. ನಿಮಗೆ ಗೊತ್ತಾಗುತ್ತೆ. ನಿಮ್ಮ ಡಾಕ್ಟರಿಗೂ ಹೇಳಿ ಬನ್ನಿ."

ಅವಳು ಓಡಿದಳು. ರಕ್ತದೊತ್ತಡದ ಪಟ್ಟಿ ಕೈಯಲ್ಲೇ ಇತ್ತು.

ಟೀಚರ್ ಮಗನ ಪೆಟ್ಟಿಗೆಯ ಪಕ್ಕ, ಹಣೆ ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದಳು. ಕಾಲು, ಕಣ್ಣಿನ ಸುತ್ತ ಊತ. "ಏನಿಲ್ಲ ಸಿಸ್ಟರ್, ಸುಮ್ಮನೆ ಇವರು ಗಾಬರಿ..." ಎಂದು ನಗಲು ನೋಡಿದಳು.

"ಕಣ್ಣ ಮುಂದೆ ಚುಕ್ಕಿ ಚುಕ್ಕಿ ಕಾಣುತ್ತಾ?"

"ಮಿಣುಕು ಹುಳದ ಹಾಗೆ... ನಿಮಗೆ ಹೇಗೆ ಗೊತ್ತು?"

ಪಟ್ಟಿ ಕಟ್ಟಿ ಗಾಳಿ ತುಂಬಿದಳು. ಅಂಕಿ ನೋಡಿದಳು. ಇನ್ನೊಂದು ಕೈಗೆ ಕಟ್ಟಿ ಮತ್ತೆ ನೋಡಿದಳು. ಹೆರಿಗೆಯಾಯಿತು, ಇನ್ನೇನು ಭಯವಿಲ್ಲ ಎಂದು ಎಲ್ಲರೂ ನಿರಾಳವಾದ ಮೇಲೂ ಬಾಣಂತಿಯ ರಕ್ತದೊತ್ತಡ ಏರಬಹುದು. ಏರಿದರೆ ಫಿಟ್ಸ್ ಬರಬಹುದು, ಪ್ರಾಣವೇ ಹೋಗಬಹುದು.

"ಸ್ಟ್ರೆಚರ್!" ಅಂದಳು. ಅದು ಆಗಲೇ ಬಾಗಿಲ ಹತ್ತಿರ ಸಿದ್ಧವಾಗಿ ನಿಂತಿತ್ತು. ಅವಳು ಗುಮ್ಮನನ್ನು ಒಮ್ಮೆ ನೋಡಿದಳು. ಅವನು ಟೀಚರನ್ನು ನೋಡುತ್ತಿದ್ದ.

ಹೆರಿಗೆ ಡಾಕ್ಟರ್ ಬಂದರು, ಇಂಜೆಕ್ಷನ್ ಹೋಯಿತು, ಔಷಧಿ ಶುರುವಾಯಿತು. ಇಳಿಹೊತ್ತಿಗೆ ಒತ್ತಡ ಇಳಿಯತೊಡಗಿತು. ಅಷ್ಟು ಹೊತ್ತೂ ಹಠಮ್ಮ ಟೀಚರ್ ಕೈ ಬಿಡಲಿಲ್ಲ.

"ಇನ್ನೊಂದು ಸ್ವಲ್ಪ ತಡವಾಗಿದ್ರೆ ಕಷ್ಟವಿತ್ತು," ಅಂದರು ಡಾಕ್ಟರ್. "ಯಾರು ಮೊದಲು ಗಮನಿಸಿದ್ದು?"

"ಎನ್‌ಐಸಿಯು ಬ್ರದರ್," ಅಂದಳು ಅವಳು.

"ಅವರು ಹೇಳಿಕೊಟ್ಟಿದ್ದು," ಅಂದ ಅವನು ಬಾಗಿಲಿನಿಂದ.

*

ಮರುದಿನ ಬೆಳಿಗ್ಗೆ ಅವಳು ಎನ್‌ಐಸಿಯುಗೆ ಹೋಗಲಿಲ್ಲ. ನೇರ ದೊಡ್ಡ ಸಿಸ್ಟರ್ ಕೋಣೆಗೆ ಹೋದಳು.

"ನಾನು ಆ ಡ್ಯೂಟಿಗೆ ಹೋಗಲ್ಲ ಸಿಸ್ಟರ್."

"ಈ ಆಸ್ಪತ್ರೆಯಲ್ಲಿ ನನಗೆ ಇಲ್ಲ ಅಂದವರು ಇಲ್ಲ."

"ಇವತ್ತಿಂದ ಒಬ್ಬಳು ಇದ್ದಾಳೆ."

ದೊಡ್ಡ ಸಿಸ್ಟರ್ ಹುಬ್ಬು ಏರಿತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಗುಮ್ಮ!

"ಸಿಸ್ಟರ್, ತಪ್ಪು ನಂದು. ಇವರನ್ನ ಕೇಳದೆ ಹೆಸರು ಕೊಟ್ಟೆ."

"ನೀವು ಸುಮ್ಮನಿರಿ ಬ್ರದರ್! ನನ್ನ ಜಗಳ ನಾನೇ ಆಡ್ಕೋತೀನಿ."

"ಆಡಿ. ನಾನು ನನ್ನ ತಪ್ಪು ಒಪ್ಪಿಕೊಳ್ಳೋಕೆ ಬಂದೆ, ನಿಮ್ಮ ಜಗಳ ಕಿತ್ಕೊಳ್ಳೋಕಲ್ಲ." ಅವನು ಗೋಡೆಗೆ ಒರಗಿ ನಿಂತುಬಿಟ್ಟ.

ಅವಳು ಬೆನ್ನು ನೇರ ಮಾಡಿಕೊಂಡಳು.

"ನಿನ್ನೆ ಟೀಚರ್ ಸಾಯಬಹುದಿತ್ತು ಸಿಸ್ಟರ್. ಮಗು ಉಳಿಸೋಕೆ ಎಷ್ಟು ಮೆಷಿನ್, ಎಷ್ಟು ಜನ! ಇರಲಿ, ಬೇಕು. ಆದ್ರೆ ಆ ಮಗುಗೆ ತಾಯಿ ಉಳಿಸೋ ಕೆಲಸ ಮಾತ್ರ ಎಲ್ಲ ಅಜ್ಜಿಯರಿಗೂ ಗೊತ್ತಿರೋ ಕೆಲಸ ಅಂತಾರೆ. ಅದನ್ನ ಓದಿ, ಪರೀಕ್ಷೆ ಕೊಟ್ಟು, ಸರಿಯಾಗಿ ಕಲೀತೀನಿ. ಮೇಲೆ ಹೋಗೋ ದಾರಿ ಇಲ್ಲದಿದ್ರೆ ಬೇಡ, ಇದ್ದಲ್ಲೇ ಗಟ್ಟಿಯಾಗಿ ನಿಲ್ತೀನಿ. ಕೆಲಸ ಕಿತ್ಕೊಂಡ್ರೂ ಸರಿ, ಬೇರೆ ಆಸ್ಪತ್ರೆಯ ಬಾಣಂತಿ ವಾರ್ಡಿಗೆ ಹೋಗ್ತೀನಿ!"

ದೊಡ್ಡ ಸಿಸ್ಟರ್ ಗುಮ್ಮನ ಕಡೆ ತಿರುಗಿದರು. "ನಿನ್ನ ಎನ್‌ಐಸಿಯುಗೆ ಯಾರು ಹೋಗ್ತಾರೆ?"

"ಸರ್ಜರಿ ವಾರ್ಡಿನ ಒಬ್ಬರು ಬರ್ತೀನಿ ಅಂದಿದ್ದಾರೆ." ಸ್ವಲ್ಪ ತಡೆದು ಸೇರಿಸಿದ, "ಅವರನ್ನ ಕೇಳಿಯೇ ಬಂದೆ."

ದೊಡ್ಡ ಸಿಸ್ಟರ್ ಬಾಯಿಯ ಮೂಲೆಯಲ್ಲಿ ಏನೋ ಅಲುಗಿ ಮಾಯವಾಯಿತು. "ಸರಿ. ವಾರ್ಡಲ್ಲೇ ಇರು. ಆದರೆ ಆಸ್ಪತ್ರೆ ಕಳಿಸೋ ಪಟ್ಟಿಯಲ್ಲಿ ನಿನ್ನ ಹೆಸರು ಇರಲ್ಲ. ಫೀಸು, ರಜೆ ಎಲ್ಲ ನಿನ್ನದೇ. ನನಗೆ ಎದುರು ಮಾತಾಡಿದ್ದಕ್ಕೆ."

"ಆಗಲಿ ಸಿಸ್ಟರ್. ಥ್ಯಾಂಕ್ಸ್!"

"ಶಿಕ್ಷೆ ಕೊಟ್ರೆ ಥ್ಯಾಂಕ್ಸ್ ಅಂತಾಳಲ್ಲಪ್ಪ..." ದೊಡ್ಡ ಸಿಸ್ಟರ್ ಕನ್ನಡಕ ಹಾಕಿಕೊಂಡರು. "ಹೋಗು. ಹೋಗ್ತಾ ಬಾಗಿಲು ಮೆಲ್ಲಗೆ ಹಾಕು. ಆ ಅಭ್ಯಾಸ ನಿನಗಿಲ್ಲ."

ಹೊರಗೆ ಕಾರಿಡಾರಿನಲ್ಲಿ ಇಬ್ಬರೂ ಜೊತೆಗೆ ನಡೆದರು.

"ವ್ಯರ್ಥ ಅಂದಿದ್ದೆ," ಅಂದ ಅವನು. "ಆ ಮಾತು ವಾಪಸ್ ತಗೊಳ್ಳೋಕಾಗಲ್ಲ. ಅದಕ್ಕಾಗಿ ಏನು ಮಾಡಲಿ ಹೇಳಿ."

ಅವಳು ಚೀಲದಿಂದ ದಪ್ಪ ಪುಸ್ತಕ ತೆಗೆದು ಅವನ ಕೈಗೆ ಹಾಕಿದಳು. "ನನಗೆ ಪ್ರಶ್ನೆ ಕೇಳಿ."

*

ಆಮೇಲೆ ಕ್ಯಾಂಟೀನಿನ ಮೂಲೆಯ ಬೆಂಚು ಅವರಿಬ್ಬರ ಶಾಲೆಯಾಯಿತು. ಅವನು ಕೇಳುವುದು, ಅವಳು ಹೇಳುವುದು. ಎರಡು ಲೋಟ ಚಹಾ ತಣ್ಣಗಾಗುವುದು.

"ಬಾಣಂತಿ ತಲೆನೋವು ಅಂದಾಗ ನರ್ಸ್ ಮೊದಲು ಏನು ಮಾಡಬೇಕು?"

"ಅವಳನ್ನ ನಂಬಬೇಕು."

"ರಕ್ತದೊತ್ತಡ ನೋಡಬೇಕು ಅಂತಿದೆ ಇಲ್ಲಿ."

"ಅದು ಎರಡನೇದು."

ಅವನು ಪುಸ್ತಕ ನೋಡಿದ, ಅವಳನ್ನು ನೋಡಿದ. "ಪೂರ್ತಿ ಅಂಕ," ಅಂದ.

ಟೀಚರ್ ಮನೆಗೆ ಹೋಗುವ ದಿನ ಮಗನನ್ನು ಇಬ್ಬರ ನಡುವೆ ಎತ್ತಿ ಹಿಡಿದು, "ಒಂದಕ್ಕೆ ಒಂದು ಕೂಡಿದ್ರೆ ಎಷ್ಟು ಅಂತ ನನ್ನ ಮಗನಿಗೂ ಗೊತ್ತು. ನಿಮ್ಮಿಬ್ಬರಿಗೆ ಯಾವಾಗ ಗೊತ್ತಾಗುತ್ತೋ!" ಎಂದು ಹೋದಳು. ಇಬ್ಬರೂ ಬೇರೆ ಬೇರೆ ಗೋಡೆ ನೋಡಿದರು.

ಪರೀಕ್ಷೆಯ ದಿನ ಅವನು ರಜೆ ಹಾಕಿ ಬಂದಿದ್ದ. ಕಂಪ್ಯೂಟರಿನ ಮುಂದೆ ಕೂತು ಬರೆಯುವ ಪರೀಕ್ಷೆ. ಮುಗಿದ ಕೂಡಲೇ ಫಲಿತಾಂಶ ಪರದೆಯ ಮೇಲೆ ಬರುತ್ತದೆ. ಒಳಗೆ ಅವಳು, ಹೊರಗಿನ ಬೆಂಚಿನ ಮೇಲೆ ಅವನು. ಬಾಗಿಲಲ್ಲಿ ಗಡಿಯಾರ ನೋಡುತ್ತ ಒಬ್ಬ ಕಾವಲುಗಾರ.

ಬಾಗಿಲು ತೆರೆದು ಅವಳು ಹೊರಗೆ ಬಂದಾಗ ಅವಳ ಎರಡೂ ಕೆನ್ನೆ ಒದ್ದೆಯಾಗಿದ್ದವು.

ಅವನು ಎದ್ದು ನಿಂತ. "ಪರವಾಗಿಲ್ಲ... ಮತ್ತೆ ಬರೀಬಹುದು. ನಾನು ಮತ್ತೆ ಬಂದು ಇದೇ ಬೆಂಚಲ್ಲಿ ಕೂರ್ತೀನಿ."

"ಎಷ್ಟು ಸಲ?"

"ನೀವು ಬರೆಯೋವಷ್ಟು ಸಲ."

"ಹಾಗಾದ್ರೆ ನಿಮ್ಮ ಅದೃಷ್ಟ ಚೆನ್ನಾಗಿಲ್ಲ." ಅವಳು ಕಣ್ಣೀರಿನ ನಡುವೆಯೇ ನಕ್ಕಳು. "ಮೊದಲನೇ ಸಲಕ್ಕೇ ಪಾಸಾಗಿಬಿಟ್ಟೆ!"

ಅವನು ಧೊಪ್ಪನೆ ಬೆಂಚಿನ ಮೇಲೆ ಕೂತ. ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡ. ಅವನ ಕಣ್ಣೂ ಒದ್ದೆಯಾಗಿದ್ದನ್ನು ಅವಳು ನೋಡಿದಳು. ನೋಡದವಳ ಹಾಗೆ ಪಕ್ಕದಲ್ಲಿ ಕೂತಳು.

"ಮನೇಲಿ ನನ್ನ ಮದುವೆ ಮಾತು ಎತ್ತಿದ್ದಾರೆ," ಅಂದ ಅವನು ನೆಲ ನೋಡುತ್ತ.

ಅವಳು ಕೆನ್ನೆ ಒರೆಸಿಕೊಂಡಳು. "ಓಹ್... ಏನಂದ್ರಿ?"

"ಒಬ್ಬರಿದ್ದಾರೆ ಅಂದೆ. ಯಾರು ಅಂತ ಅಮ್ಮ ಕೇಳಿದ್ರು. 'ಅವರನ್ನ ಇನ್ನೂ ಕೇಳಿಲ್ಲಮ್ಮ. ಕೇಳದೆ ಹೆಸರು ಕೊಟ್ರೆ ಆಸ್ಪತ್ರೆ ಬಾಗಿಲು ಒಡೆದುಹಾಕ್ತಾರೆ' ಅಂದೆ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. "ಕೇಳಿ ಮತ್ತೆ!"

"ಕೇಳ್ತಿದ್ದೀನಿ. ನನ್ನನ್ನ ಮದುವೆ ಆಗ್ತೀರಾ?"

"ನಾನು ಬಾಣಂತಿ ವಾರ್ಡು ಬಿಡಲ್ಲ."

"ಬಿಡಬೇಡಿ."

"ಎದುರು ಮಾತಾಡೋದೂ ಬಿಡಲ್ಲ."

"ಅದನ್ನ ಬಿಟ್ರೆ ನನಗೆ ಭಯ ಆಗುತ್ತೆ. ಮೈ ಹುಷಾರಿಲ್ಲವೇನೋ ಅಂತ."

ಅವಳು ಜೋರಾಗಿ ನಕ್ಕಳು. ಬಾಗಿಲಲ್ಲಿದ್ದ ಕಾವಲುಗಾರ ತುಟಿಗೆ ಬೆರಳಿಟ್ಟ. "ಶ್! ಮೇಡಂ, ಮೆಲ್ಲಗೆ... ಒಳಗೆ ಇನ್ನೂ ಬರೀತಿದ್ದಾರೆ."

ಅವಳು ಬಾಯಿ ಮುಚ್ಚಿಕೊಂಡು, ಬೆರಳುಗಳ ಸಂದಿನಿಂದ ಏನೋ ಅಂದಳು.

"ಏನಂದ್ರಿ? ಕೇಳಿಸಲಿಲ್ಲ..."

"ಹತ್ತಿರ ಬಾ," ಅಂದಳು ಅವಳು. "ಕೇಳಿಸುತ್ತೆ."